ಹೆಗಲ ಮೇಲೆ ಹೆಣ, ತುಟಿಯ ಮೇಲೆ ಉತ್ತರ!

ಗೆಳೆಯರೇ, ಈ ವಾರ ನಿಮಗೊಂದು ಪರೀಕ್ಷೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಪಾತ್ರದಲ್ಲಿ "ಓಡಿದ" ಹೀರೋ ಯಾರು, ಹೇಳಿ ನೋಡೋಣ?

ಸುಳಿವು ಬೇಕೇ? ಕೊಡ್ತೀನಿ. ಆತನಿಗೆ ಹೀರೋಯಿನ್ ಇಲ್ಲ. ಡ್ಯುಯೆಟ್ ಇಲ್ಲ. ಕೈಯಲ್ಲಿ ಕತ್ತಿ ಇದೆ, ಆದರೆ ಫೈಟಿಂಗ್ ಇಲ್ಲವೇ ಇಲ್ಲ. ತಿಂಗಳು ತಿಂಗಳೂ ಬರ್ತಾನೆ, ತಿಂಗಳು ತಿಂಗಳೂ ಸೋಲ್ತಾನೆ. ಕ್ಲೈಮ್ಯಾಕ್ಸಿನಲ್ಲಿ ವಿಲನ್ನು ಕೈಯಿಂದ ಜಾರಿಕೊಂಡು ಹಾರಿ ಹೋಗ್ತಾನೆ. ಮುಂದಿನ ತಿಂಗಳು ಹೀರೋ ಅದೇ ಜಾಗಕ್ಕೆ ಹೋಗಿ ಅವನನ್ನೇ ಹೆಗಲ ಮೇಲೆ ಹಾಕಿಕೊಂಡು ಹೊರಡ್ತಾನೆ. ಇಂಥ ಕಥೆಯನ್ನು ಇವತ್ತು ಗಾಂಧಿನಗರದ ಯಾವ ನಿರ್ಮಾಪಕರ ಹತ್ತಿರ ಹೇಳಿದರೂ "ಹೋಗಪ್ಪಾ, ಕಾಫಿ ಕುಡಿದು ಹೋಗು" ಅಂತಾರೆ. ಆದರೂ ಈ ಹೀರೋಗೆ ಬಿದ್ದಷ್ಟು ಶಿಳ್ಳೆ ಎಷ್ಟು ಹೀರೋಗಳಿಗೆ ಬಿದ್ದಿದೆ?

ಹೌದು ಸ್ವಾಮೀ, ಗೊತ್ತಾಯ್ತಲ್ಲ. ಛಲ ಬಿಡದ ತ್ರಿವಿಕ್ರಮ! "ಚಂದಮಾಮ"ದ ಬೇತಾಳ ಕಥೆಗಳ ರಾಜ.

ಗೊತ್ತಿಲ್ಲದ ತಮ್ಮಂದಿರಿಗಾಗಿ ಎರಡು ಮಾತು. ಒಬ್ಬ ಸನ್ಯಾಸಿಗೆ ಕೊಟ್ಟ ಮಾತಿಗಾಗಿ ರಾಜ ನಡುರಾತ್ರಿ ಮಸಣಕ್ಕೆ ಹೋಗ್ತಾನೆ. ಅಲ್ಲೊಂದು ಮರ, ಮರದ ಕೊಂಬೆಗೊಂದು ಹೆಣ, ಹೆಣದೊಳಗೆ ಒಂದು ಬೇತಾಳ. ಹೆಣವನ್ನು ಇಳಿಸಿ, ಹೆಗಲಿಗೇರಿಸಿ, ಮಾತಾಡದೆ ಸನ್ಯಾಸಿ ಹತ್ತಿರ ತರಬೇಕು. ದಾರಿಯಲ್ಲಿ ಬೇತಾಳ ಸುಮ್ಮನಿರುತ್ತದೆಯೇ? "ದಾರಿ ಸವೆಯಲಿ" ಅಂತ ಒಂದು ಕಥೆ ಹೇಳುತ್ತೆ. ಕಥೆಯ ಕೊನೆಗೆ ಒಂದು ಪ್ರಶ್ನೆ ಇಡುತ್ತೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ. ಹೇಳಿದರೋ, ಮೌನ ಮುರಿಯಿತು! ಬೇತಾಳ ಹೆಣದ ಸಮೇತ ಹಾರಿ ಮರಕ್ಕೆ ನೇತು ಬೀಳುತ್ತದೆ. ರಾಜ ತಿರುಗಿ ಮರದ ಕಡೆಗೆ. ಇಷ್ಟೇ ಕಥೆ!

ನಾನು ಹುಟ್ಟುವ ಹೊತ್ತಿಗೆ ಚಂದಮಾಮದ ಒಳ್ಳೆಯ ಕಾಲ ಮುಗಿದಿತ್ತು. ನಮ್ಮ ಸೋದರಮಾವ ಹಿರಿಯೂರಿನಲ್ಲಿ ಟೈಲರು. ಅವರ ಅಂಗಡಿ ಅಟ್ಟದ ಮೇಲೆ ಹಳೇ ಸಂಚಿಕೆಗಳ ಕಟ್ಟೊಂದು ಗೋಣಿದಾರದಲ್ಲಿ ಬಿಗಿದು ಬಿದ್ದಿತ್ತು. ಅರ್ಧಕ್ಕರ್ಧ ಮುಖಪುಟ ಹರಿದಿದ್ದವು, ಒಳಗೆ ಸೀಮೆಸುಣ್ಣದ ಗುರುತು, ಕಾಜಾ ಲೆಕ್ಕ. ಬೇಸಿಗೆ ರಜಕ್ಕೆ ಹೋದಾಗ ಗುಂಡಿ ಹೊಲಿಯುವ ಕೆಲಸ ನನಗೆ, ಕೂಲಿಗೆ ಬದಲು ದಿನಕ್ಕೆರಡು ಚಂದಮಾಮ. ನಾನು ಮೊದಲು ತೆಗೆಯುತ್ತಿದ್ದದ್ದು ಬೇತಾಳನ ಪುಟವನ್ನೇ. ಕಥೆಗಿಂತ ಮುಂಚೆ ಆ ಚಿತ್ರ!

ಆ ಚಿತ್ರ ನೋಡಿದವರು ಮರೆತಿಲ್ಲ. ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಮಸಣ. ರಾಜನ ನಡಿಗೆಯಲ್ಲಿ ಅವಸರವಿಲ್ಲ, ಭಯವೂ ಇಲ್ಲ. ಈಗಿನ ಸಿನಿಮಾದಲ್ಲಿ ಹೀರೋ ಎಂಟ್ರಿಗೆ ಲಕ್ಷಗಟ್ಟಲೆ ಸುರಿದು ಕಾರು ಹಾರಿಸ್ತಾರೆ, ಧೂಳೆಬ್ಬಿಸ್ತಾರೆ. ಇಲ್ಲಿ ಒಂದು ಕುಂಚ, ಒಂದು ಹಾಳೆ. ಎಂಟ್ರಿ ಅಂದ್ರೆ ಅದು ಕಣ್ರೀ!

ಬರೆದವರು ಯಾರು ಗೊತ್ತಾ? ಕೆ.ಸಿ. ಶಿವಶಂಕರನ್. ಚಿತ್ರದ ಮೂಲೆಯಲ್ಲಿ "ಶಂಕರ್" ಎಂದು ಸಹಿ. ತಮಿಳುನಾಡಿನವರು, 1924ರಲ್ಲಿ ಹುಟ್ಟಿದವರು. ಐವತ್ತರ ದಶಕದ ಮೊದಲಿಗೆ ಚಂದಮಾಮ ಸೇರಿ ಅಲ್ಲೇ ಜೀವನ ಸವೆಸಿದರು. ಹಿಂದಿ ಓದುವ ಹುಡುಗ, ತೆಲುಗು ಓದುವ ಹುಡುಗ, ಹಿರಿಯೂರಿನ ಅಟ್ಟದ ಮೇಲೆ ಕೂತ ನಾನು, ಎಲ್ಲರೂ ನೋಡಿದ್ದು ಅವರು ಬರೆದ ಅದೇ ರಾಜನನ್ನ. 2020ರ ಸೆಪ್ಟೆಂಬರ್ 29ರಂದು ತಮ್ಮ 96ನೇ ವಯಸ್ಸಿನಲ್ಲಿ ಶಂಕರ್ ತೀರಿಕೊಂಡರು. ಮರುವರ್ಷ, 2021ರಲ್ಲಿ, ಮರಣೋತ್ತರವಾಗಿ ಪದ್ಮಶ್ರೀ ಬಂತು. ಬೇತಾಳನನ್ನು ಅಷ್ಟು ವರ್ಷ ಹೊತ್ತ ಕೈಗೆ ಸರ್ಕಾರದ ಹಾರ ಬಂದದ್ದು ಆ ಕೈ ಇಲ್ಲವಾದ ಮೇಲೆ!

ಇನ್ನು, "ಸಿನಿಮಾ ಪತ್ರಿಕೆಯಲ್ಲಿ ಮಕ್ಕಳ ಪುಸ್ತಕದ ಮಾತು ಯಾಕಯ್ಯಾ?" ಅನ್ನೋರಿಗೆ ಒಂದು ಉತ್ತರ. ಚಂದಮಾಮ ಹುಟ್ಟಿದ್ದೇ ಸಿನಿಮಾದವರ ಮನೆಯಲ್ಲಿ! ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ, ಮದರಾಸಿನ ವಿಜಯಾ ಸಂಸ್ಥೆಯ ಜೋಡೆತ್ತುಗಳು, 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಇದನ್ನು ಶುರು ಮಾಡಿದರು. ನಮ್ಮ ಕನ್ನಡಕ್ಕೆ ಬಂದದ್ದು 1949ರ ಜುಲೈನಲ್ಲಿ. ಮುಂದೆ ಹನ್ನೆರಡಕ್ಕೂ ಹೆಚ್ಚು ಭಾಷೆಗೆ ಹಬ್ಬಿತು. 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಸಂಪಾದಕತ್ವ ನೋಡಿಕೊಂಡವರು ತೆಲುಗಿನ ದೊಡ್ಡ ಕಥೆಗಾರ ಕೊಡವಟಿಗಂಟಿ ಕುಟುಂಬರಾವ್. ಆ ಕಾಲದ ಮಹಾಭಾರತದ ಮುಖಪುಟಗಳನ್ನು ಬರೆದವರು ನಮ್ಮ ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯ. ಅದೇ ಬಳಗದಿಂದ "ವಿಜಯಚಿತ್ರ" ಅನ್ನೋ ಸಿನಿಮಾ ಪತ್ರಿಕೆಯೂ ಬರ್ತಿತ್ತು. ಅಣ್ಣನ ಕೈಯಲ್ಲಿ ವಿಜಯಚಿತ್ರ, ತಮ್ಮನ ಕೈಯಲ್ಲಿ ಚಂದಮಾಮ. ಎರಡೂ ಒಂದೇ ಮನೆಯ ಸರಕು.

ಆ ಮನೆಯ ಸಿನಿಮಾ ನೋಡಿ. 1951ರ "ಪಾತಾಳ ಭೈರವಿ". ಎನ್.ಟಿ. ರಾಮರಾವ್ ಹೀರೋ, ಎಸ್.ವಿ. ರಂಗರಾವ್ ಮಾಂತ್ರಿಕ. ಗುಹೆ, ಬಲಿ, ದೇವಿ, ಬೇಡಿದ್ದು ಕೊಡುವ ಬೊಂಬೆ. ಚಂದಮಾಮದ ಧಾರಾವಾಹಿ ತೆರೆಯ ಮೇಲೆ ನಡೆದ ಹಾಗೆ! ನಿರ್ದೇಶಕ ಕೆ.ವಿ. ರೆಡ್ಡಿ. ಇದೇ ಕೆ.ವಿ. ರೆಡ್ಡಿ 1965ರಲ್ಲಿ ನಮ್ಮ ಅಣ್ಣಾವ್ರ "ಸತ್ಯ ಹರಿಶ್ಚಂದ್ರ"ಕ್ಕೆ ನಿರ್ಮಾಪಕರು, ನಿರ್ದೇಶನ ಹುಣಸೂರು ಕೃಷ್ಣಮೂರ್ತಿಯವರದು. ಅಲ್ಲೂ ಒಬ್ಬ ರಾಜ, ಅಲ್ಲೂ ಒಂದು ಮಸಣ, ಅಲ್ಲೂ ಕೊಟ್ಟ ಮಾತಿನ ಭಾರ. ಹರಿಶ್ಚಂದ್ರನ ಕಥೆ ಮಸಣಕ್ಕೆ ಬಂದು ಮುಗಿಯುತ್ತೆ. ತ್ರಿವಿಕ್ರಮನ ಕಥೆ ಮಸಣದಲ್ಲೇ ಶುರುವಾಗುತ್ತೆ, ಅಲ್ಲೇ ಸುತ್ತುತ್ತೆ.

ಟಿವಿಯವರೂ ಬಿಡಲಿಲ್ಲ. 1985ರಲ್ಲಿ ದೂರದರ್ಶನದಲ್ಲಿ ರಾಮಾನಂದ ಸಾಗರ್ "ವಿಕ್ರಮ್ ಔರ್ ಬೇತಾಳ್" ತಂದರು. ರಾಜನಾಗಿ ಅರುಣ್ ಗೋವಿಲ್, ಬೇತಾಳನಾಗಿ ಸಜ್ಜನ್. ಎರಡು ವರ್ಷ ಕಳೆದು 1987ರಲ್ಲಿ ಅದೇ ಅರುಣ್ ಗೋವಿಲ್ ರಾಮನಾಗಿ ಮನೆ ಮನೆಗೆ ಬಂದು ಕೈ ಮುಗಿಸಿಕೊಂಡರು. ರಾಮನ ವೇಷಕ್ಕೆ ಮುಂಚೆ ಅವರು ಹೊತ್ತದ್ದು ಬೇತಾಳನನ್ನ, ನೆನಪಿರಲಿ!

ಇಲ್ಲಿ ಫ್ಯಾಂಟಮ್ ಅಭಿಮಾನಿಗಳು ಕೈ ಎತ್ತೋದು ನನಗೆ ಕಾಣ್ತಿದೆ. ಎತ್ತಿ, ಬೇಡ ಅನ್ನೋಲ್ಲ. ಲೀ ಫಾಕ್ 1936ರಲ್ಲಿ ಅಮೆರಿಕದಲ್ಲಿ ಹುಟ್ಟಿಸಿದ ಮುಸುಕಿನ ವೀರ ಅವನು. ನಮ್ಮ ದೇಶದಲ್ಲಿ 1964ರಿಂದ 1990ರವರೆಗೆ ಇಂದ್ರಜಾಲ ಕಾಮಿಕ್ಸಿನ ರಾಜಾಹುಲಿ. ತಮಾಷೆ ನೋಡಿ, ಹಿಂದಿಯವರು ಅವನಿಗಿಟ್ಟ ಹೆಸರು "ವೇತಾಳ"! ಆದರೆ ಫ್ಯಾಂಟಮ್ ನಿಜವಾಗಿ ಮನುಷ್ಯ. ಅಪ್ಪ ಸತ್ತರೆ ಮಗ ಅದೇ ಮುಸುಕು ಹಾಕ್ತಾನೆ, ಜನ "ಸಾವೇ ಇಲ್ಲದ ಭೂತ" ಅಂತ ನಂಬ್ತಾರೆ. ಅವನು ಭೂತದ ವೇಷ ಹಾಕಿದ ಮನುಷ್ಯ. ನಮ್ಮ ಬೇತಾಳ ಹಂಗಲ್ಲ. ಅಪ್ಪಟ ಭೂತ, ಆದರೆ ಬುದ್ಧಿಯೆಲ್ಲ ಮನುಷ್ಯನದು. ಹೆದರಿಸೋಲ್ಲ, ಕಚ್ಚೋಲ್ಲ, ರಕ್ತ ಕುಡಿಯೋಲ್ಲ. ಕಟ್ಟೆ ಮೇಲೆ ಕೂತ ಅಜ್ಜನ ಹಾಗೆ ಕಥೆ ಹೇಳಿ "ಈಗ ನೀನು ಹೇಳಪ್ಪಾ, ತಪ್ಪು ಯಾರದು?" ಅಂತ ಕೇಳುತ್ತೆ. ಭೂತ ಕಂಡರೆ ಓಡಬೇಕು ಅನ್ನಿಸುತ್ತೆ. ಈ ಭೂತ ಕಂಡರೆ ಕೂತು ಕೇಳಬೇಕು ಅನ್ನಿಸುತ್ತೆ.

ಈಗ ಕಥೆಯ ಬೇರಿಗೆ ಹೋಗೋಣ. ಇದು ಸೋಮದೇವ ಅನ್ನೋ ಕಾಶ್ಮೀರದ ಕವಿ ಹನ್ನೊಂದನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಕಥಾಸರಿತ್ಸಾಗರದಲ್ಲಿದೆ. ಅದಕ್ಕೂ ಮೂಲ ಗುಣಾಢ್ಯನ ಬೃಹತ್ಕಥೆ, ಅದನ್ನು ಬರೆದದ್ದು ಪೈಶಾಚಿ ಭಾಷೆಯಲ್ಲಂತೆ, ಅಂದರೆ ಪಿಶಾಚಿಗಳ ಮಾತಿನಲ್ಲಿ! ಸೋಮದೇವನಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ, ರಾಜಧಾನಿ ಗೋದಾವರಿ ದಂಡೆಯ ಪ್ರತಿಷ್ಠಾನ. ಬೇರೆಯವರು ವಿಕ್ರಮಾದಿತ್ಯ, ವಿಕ್ರಮಾರ್ಕ ಅಂತ ಬದಲಾಯಿಸಿಕೊಂಡರು. ನಮ್ಮ ಕನ್ನಡದ ಗಾದೆಮಾತು ಮಾತ್ರ ಹಳೇ ಹೆಸರನ್ನೇ ಹಿಡಿದುಕೊಂಡಿದೆ. ಹೆಸರಿನಲ್ಲೂ ಛಲ ಬಿಟ್ಟಿಲ್ಲ ನಾವು!

ಅಲ್ಲಿ ಕಥೆಗಳು ಇಪ್ಪತ್ತೈದೇ. ಅದಕ್ಕೊಂದು ಕೊನೆಯೂ ಇದೆ. ಕಡೇ ಪ್ರಶ್ನೆ ಹೀಗೆ: ಒಬ್ಬ ತಾಯಿ, ಒಬ್ಬಳು ಮಗಳು. ಒಬ್ಬ ತಂದೆ, ಒಬ್ಬ ಮಗ. ತಂದೆ ಮಗಳನ್ನು ಮದುವೆಯಾಗ್ತಾನೆ, ಮಗ ತಾಯಿಯನ್ನು ಮದುವೆಯಾಗ್ತಾನೆ. ಇಬ್ಬರಿಗೂ ಮಕ್ಕಳಾದರೆ ಆ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ತಲೆ ಕೆಟ್ಟಿತು. ಉತ್ತರ ಗೊತ್ತಿಲ್ಲ, ಹಾಗಾಗಿ ಬಾಯಿ ತೆಗೆಯಲಿಲ್ಲ, ಸುಮ್ಮನೆ ನಡೆದ. ಆಗ ಬೇತಾಳ ಮೆಚ್ಚಿ ಗುಟ್ಟು ಬಿಟ್ಟಿತು: "ಆ ಸನ್ಯಾಸಿ ನಿನ್ನನ್ನೇ ಬಲಿ ಕೊಡೋನು. ಅಡ್ಡಬೀಳು ಅಂತಾನೆ. ಹೇಗೆ ಅಂತ ನೀನೇ ತೋರಿಸು ಅನ್ನು, ಅವನು ಬಗ್ಗಿದಾಗ ಕತ್ತಿ ಬೀಸು." ರಾಜ ಹಾಗೇ ಮಾಡಿದ. ವರ ಕೇಳು ಅಂದರೆ ರಾಜ್ಯ ಕೇಳಲಿಲ್ಲ, ಹೊನ್ನು ಕೇಳಲಿಲ್ಲ. "ಈ ಕಥೆಗಳು ಲೋಕದಲ್ಲೆಲ್ಲ ಹೆಸರಾಗಲಿ" ಅಂದ. ಬೇತಾಳ ಒಪ್ಪಿತು. ಈ ಕಥೆ ಓದುವ ಕಡೆ ಭೂತ ಪ್ರೇತಗಳ ಆಟ ನಡೆಯೋದಿಲ್ಲ ಅಂತಲೂ ಮಾತು ಕೊಟ್ಟಿತು. ಇದು ಸೋಮದೇವನ ಕ್ಲೈಮ್ಯಾಕ್ಸು.

ಚಂದಮಾಮದವರು ಮಾಡಿದ್ದೇನು? ಆ ಕ್ಲೈಮ್ಯಾಕ್ಸನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು! ಹೊಸ ಹೊಸ ಕಥೆಗಳನ್ನು ಅದೇ ಚೌಕಟ್ಟಿಗೆ ಕೂರಿಸ್ತಾ ಹೋದರು. ಐವತ್ತರ ದಶಕದಲ್ಲಿ ಹೆಗಲೇರಿದ ಬೇತಾಳ ಇಳಿಯಲೇ ಇಲ್ಲ. ತಿಂಗಳಿಗೊಂದರಂತೆ ಐವತ್ತು ವರ್ಷ ಅಂದ್ರೆ ಲೆಕ್ಕ ನೀವೇ ಹಾಕಿ. ಆರುನೂರು! ಆರುನೂರು ಸಲ ಹೊತ್ತ, ಆರುನೂರು ಸಲ ಉತ್ತರ ಹೇಳಿದ, ಆರುನೂರು ಸಲ ಕಳಕೊಂಡ.

ಉತ್ತರಗಳೇನು ಸುಲಭವೇ? ಹಳೇ ಇಪ್ಪತ್ತೈದರಲ್ಲೇ ಒಂದನ್ನು ತಗೊಳ್ಳಿ. ಗಂಡ ಮತ್ತು ಅವನ ಭಾವಮೈದುನ ಇಬ್ಬರೂ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ತಾರೆ. ದೇವಿ ಬದುಕಿಸೋಕೆ ಒಪ್ಪಿದಾಗ ಆ ಹುಡುಗಿ ಗಾಬರಿಯಲ್ಲಿ ತಲೆಗಳನ್ನು ಅದಲು ಬದಲು ಜೋಡಿಸಿಬಿಡ್ತಾಳೆ. ಈಗ ಗಂಡ ಯಾರು? ತಲೆಯವನೋ, ಮೈಯವನೋ? ತ್ರಿವಿಕ್ರಮ "ತಲೆಯವನೇ" ಅಂದ, ಬೇತಾಳ ಹಾರಿತು. ನಮ್ಮ ಗಿರೀಶ್ ಕಾರ್ನಾಡರು ಮಾತ್ರ ಅಲ್ಲಿಗೆ ಬಿಡಲಿಲ್ಲ. ಈ ಕಥೆಯನ್ನೂ, ಇದರ ಮೇಲೆ ಜರ್ಮನಿಯ ಥಾಮಸ್ ಮನ್ ಬರೆದ ಕಾದಂಬರಿಯನ್ನೂ ಇಟ್ಟುಕೊಂಡು 1971ರಲ್ಲಿ "ಹಯವದನ" ನಾಟಕ ಕೊಟ್ಟರು. ತಲೆಯೇ ಗಂಡ ಅಂತ ತೀರ್ಪಾದ ಮೇಲೆ ಆ ಹೆಣ್ಣಿನ ಮನಸ್ಸು ಏನಾಗುತ್ತೆ ಅಂತ ಕೇಳಿದರು. ಬೇತಾಳ ಕೇಳೋದನ್ನು ಮರೆತ ಪ್ರಶ್ನೆ ಅದು!

ನಮ್ಮ ಕಡೆಯ ಹುಡುಗರಿಗೆ ಈ ಕಥೆ ಯಾಕೆ ಇಷ್ಟು ಹತ್ತಿರ ಅಂತ ನಾನು ಯೋಚಿಸಿದ್ದುಂಟು. ಚಿತ್ರದುರ್ಗದಲ್ಲಿ ಬೆಳೆದವನಿಗೆ ಮಸಣ, ಗುಹೆ, ಹಾಳುಗೋಡೆ ಹೊಸದಲ್ಲ. ಬೆಟ್ಟದ ಮೇಲೆ ಹಿಡಿಂಬೇಶ್ವರ ಇದ್ದಾನೆ. ಭೀಮ ಹಿಡಿಂಬನನ್ನು ಕೊಂದದ್ದು ಇಲ್ಲೇ ಅಂತ ಅಜ್ಜಿಯರು ಈಗಲೂ ಹೇಳ್ತಾರೆ. ಕೆಳಗೆ ಚಂದ್ರವಳ್ಳಿ. ಕದಂಬರ ಮಯೂರಶರ್ಮನ ಶಾಸನ ಅಲ್ಲೇ ಬಂಡೆ ಮೇಲಿದೆ. ಪಕ್ಕದ ಅಂಕಲಿ ಮಠದ ಗುಹೆಗೆ ಇಳಿದರೆ ಹಗಲು ಹನ್ನೆರಡಕ್ಕೂ ಕತ್ತಲು, ನಮ್ಮ ಉಸಿರು ನಮಗೇ ಕೇಳುತ್ತೆ. ಹೊಸದುರ್ಗದ ಕಡೆ ಹೋದರೆ ಹಾಲುರಾಮೇಶ್ವರ. ಕೊಳದ ನೀರಿನಿಂದ ಗಂಗಮ್ಮ ಪ್ರಸಾದ ಮೇಲಕ್ಕೆ ಕೊಡ್ತಾಳೆ ಅಂತ ಭಕ್ತರು ಕೈಯೊಡ್ಡಿ ಕಾಯ್ತಾರೆ. ಹೊಳಲ್ಕೆರೆಯಲ್ಲಿ ಗಣಪತಿ ಬಟ್ಟಬಯಲಿನಲ್ಲಿ, ಮೇಲೆ ಸೂರಿಲ್ಲದೆ ಕೂತಿದ್ದಾನೆ. ಇಂಥ ನೆಲದಲ್ಲಿ ಹೆಣ ಕಥೆ ಹೇಳುತ್ತೆ ಅಂದರೆ "ಹೌದಾ, ಯಾವ ಕಥೆ?" ಅಂತೀವೇ ಹೊರತು "ಸುಳ್ಳು" ಅನ್ನೋಲ್ಲ.

ಛಲ ಅಂದ್ರೆ ದುರ್ಗದವರಿಗೆ ನೆನಪಾಗೋದು 1972ರ "ನಾಗರಹಾವು". ತ.ರಾ.ಸು. ಕಾದಂಬರಿಗಳು, ಪುಟ್ಟಣ್ಣನ ನಿರ್ದೇಶನ, ಕೋಟೆಯ ಬಂಡೆ ಮೇಲೆ ವಿಷ್ಣುವರ್ಧನ್! ನಮ್ಮಪ್ಪನ ತಲೆಮಾರಿನ ಅರ್ಧ ಜನ ರಾಮಾಚಾರಿ ಹಾಗೇ ಕೂದಲು ಬಿಟ್ಟರು. ಆದರೆ ಎರಡು ಛಲಗಳ ವ್ಯತ್ಯಾಸ ನೋಡಿ. ರಾಮಾಚಾರಿಯದು ಬೆಂಕಿಯ ಛಲ. ಉರೀತು, ಸುಟ್ಟಿತು, ಕೊನೆಗೆ ಬೆಟ್ಟದಿಂದ ಕೆಳಗೆ ಹಾರಿತು. ತ್ರಿವಿಕ್ರಮನದು ಎತ್ತಿನ ಛಲ. ಕೋಪವಿಲ್ಲ, ಕೂಗಾಟವಿಲ್ಲ. ಬಿತ್ತಾ? ಮತ್ತೆ ಎತ್ತು. ಹೋಯ್ತಾ? ಮತ್ತೆ ಹೋಗು. ಹದಿನೆಂಟು ವರ್ಷಕ್ಕೆ ರಾಮಾಚಾರಿ ಬೇಕು, ಒಪ್ಪೋಣ. ಇಪ್ಪತ್ತೆಂಟಕ್ಕೆ ತ್ರಿವಿಕ್ರಮ ಬೇಕಾಗ್ತಾನೆ ಗುರುವೇ!

ಇಷ್ಟೇ ಆಗಿದ್ದರೆ ಇದೊಂದು "ಮರಳಿ ಯತ್ನವ ಮಾಡು" ಅನ್ನೋ ಶಾಲೆ ಪಾಠ ಆಗ್ತಿತ್ತು. ಹೆಚ್ಚಿನವರು ತ್ರಿವಿಕ್ರಮನನ್ನು ಅಷ್ಟಕ್ಕೇ ನಿಲ್ಲಿಸಿಬಿಡ್ತಾರೆ. ಇಲ್ಲೇ ನನ್ನ ತಕರಾರು.

ಶಾಪವನ್ನು ಇನ್ನೊಮ್ಮೆ ನೋಡಿ. ಉತ್ತರ ಗೊತ್ತಿಲ್ಲದಿದ್ದರೆ ಶಿಕ್ಷೆ ಇಲ್ಲ! ಪರೀಕ್ಷೆ ಹಾಲಿನಲ್ಲಿ ಗೊತ್ತಿಲ್ಲದವನು ಫೇಲು. ಬೇತಾಳನ ಹಾಲಿನಲ್ಲಿ ಗೊತ್ತಿಲ್ಲದವನು ಪಾಸು, ಸುಮ್ಮನೆ ಹೆಣ ಹೊತ್ತುಕೊಂಡು ದಾಟಿ ಹೋಗಬಹುದು. ಗೊತ್ತಿದ್ದೂ ಬಾಯಿ ಮುಚ್ಚಿದವನ ತಲೆ ಮಾತ್ರ ಸಿಡಿಯೋದು. ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟ ನನಗೆ ಈ ಕಾನೂನು ಬಹಳ ಹಿಡಿಸಿತು. ಕಲಿಯದ್ದಕ್ಕೆ ಬೇತಾಳ ಬೈಯೋಲ್ಲ. ಕಂಡದ್ದನ್ನು ನುಂಗಿಕೊಂಡರೆ ಬಿಡೋಲ್ಲ. ರಾಜ ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತಲ್ಲ? ಬೇಕೆಂದೇ ತಪ್ಪು ಉತ್ತರ ಕೊಡಬಹುದಿತ್ತಲ್ಲ? ನಾನು ಓದಿದ ಒಂದು ಕಥೆಯಲ್ಲೂ ಆ ಯೋಚನೆ ಅವನ ಹತ್ತಿರ ಸುಳಿಯಲಿಲ್ಲ. ಕೆಲಸ ಕೆಡುತ್ತೆ ಅಂತ ಗೊತ್ತು, ರಾತ್ರಿಯಿಡೀ ನಡೆದದ್ದು ವ್ಯರ್ಥ ಅಂತ ಗೊತ್ತು, ಆದರೂ ಸರಿಯಾದದ್ದನ್ನೇ ಹೇಳ್ತಾನೆ. ಅವನ ಛಲ ಇರೋದು ಹೆಣ ಎತ್ತೋದರಲ್ಲಲ್ಲ, ಮಾತಾಡೋದರಲ್ಲಿ!

ಇದು ನನಗೆ ಪುಸ್ತಕದಿಂದ ಹೊಳೆದದ್ದಲ್ಲ. ನನ್ನ ಗೆಳೆಯನೊಬ್ಬನಿಂದ ಹೊಳೆದದ್ದು. ಹೆಸರು ಬೇಡ, ಊರೂ ಬೇಡ, ಈ ನಾಲ್ಕು ತಾಲ್ಲೂಕಿನೊಳಗೇ ಅನ್ನಿ. ಈರುಳ್ಳಿ ಮಂಡಿಯೊಂದರಲ್ಲಿ ಲೆಕ್ಕ ಬರೀತಿದ್ದ. ಸಂಬಳ ದೊಡ್ಡದಲ್ಲ, ಆದರೆ ತಿಂಗಳಿಗೆ ಸರಿಯಾಗಿ ಬರ್ತಿತ್ತು. ಅವನ ಮನೆಯಲ್ಲಿ ಬೇರೆ ದುಡಿಯೋರು ಯಾರೂ ಇರಲಿಲ್ಲ. ಒಂದು ಸಂಜೆ ಒಬ್ಬ ಮುದುಕ, ನಲವತ್ತು ಚೀಲ ತಂದವನು, ಚೀಟಿ ಹಿಡಕೊಂಡು ಇವನ ಮೇಜಿನ ಹತ್ತಿರ ಬಂದು ನಿಂತ.

"ಏನಪ್ಪಾ, ನನಗೆ ಓದಕ್ಕೆ ಬರಲ್ಲ. ನೀನು ಹೇಳು, ತೂಕ ಸರಿಯಾಗೈತಾ?"

ಮಾಲೀಕ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ. "ಹೂಂ ಅಜ್ಜಾ" ಅಂದಿದ್ದರೆ ಕಥೆ ಮುಗೀತಿತ್ತು. "ನನಗೆ ಗೊತ್ತಿಲ್ಲ" ಅಂದಿದ್ದರೂ ಮುಗೀತಿತ್ತು. ಇವನು ಅಂದದ್ದು:

"ಇಲ್ಲ ಅಜ್ಜಾ. ಚೀಲಕ್ಕೆ ಎರಡು ಕಿಲೋ ಕಮ್ಮಿ ಬರೆದಿದಾರೆ."

ಮರುದಿನ ಇವನಿಗೆ ಕೆಲಸವಿಲ್ಲ. ಬೇತಾಳ ಹಾರಿ ಮರಕ್ಕೆ!

ನಾನು ಕೇಳಿದೆ, "ಯಾಕಲೇ ಹೇಳಕ್ಕೆ ಹೋದೆ? ಮನೆ ಕಡೆ ಯೋಚನೆ ಮಾಡಬಾರದಿತ್ತಾ?" ಅವನು ಬೀಡಿ ಹಚ್ಚಿಕೊಂಡು, "ಅವನು ಕೇಳದೇ ಇದ್ದಿದ್ರೆ ಹೇಳ್ತಿರಲಿಲ್ವೇನೋ ಮಾರಾಯ. ಕೇಳಿಬಿಟ್ನಲ್ಲ" ಅಂದ. ಎರಡು ತಿಂಗಳು ಅಲೆದ, ದಾವಣಗೆರೆ, ತುಮಕೂರು ಅಂತ. ಆಮೇಲೆ ಇನ್ನೊಂದು ಕಡೆ ಲೆಕ್ಕ ಬರೆಯೋಕೆ ಸೇರಿದ. ಮತ್ತೆ ಹೆಣ ಹೆಗಲಿಗೆ!

ಕಥೆಯ ಬಾಲ ಇನ್ನೂ ಇದೆ. ಆ ಮುದುಕ ಮುಂದಿನ ಬೆಳೆಯನ್ನೂ ಅದೇ ಮಂಡಿಗೆ ತಂದ! ಬೀಜಕ್ಕೆ, ಗೊಬ್ಬರಕ್ಕೆ ಮುಂಗಡ ತಗೊಂಡಿದ್ದ, ಬೇರೆ ಕಡೆ ಹೋಗುವ ಹಾಗಿರಲಿಲ್ಲ. ಆದರೆ ಈ ಸಲ ಮೊಮ್ಮಗಳನ್ನು ಕರಕೊಂಡು ಬಂದಿದ್ದನಂತೆ. ಸ್ಕೂಲು ಹುಡುಗಿ, ತಕ್ಕಡಿ ಪಕ್ಕದಲ್ಲೇ ನಿಂತು ಒಂದೊಂದು ಚೀಲದ ತೂಕವನ್ನೂ ನೋಟ್‌ಬುಕ್ಕಿನಲ್ಲಿ ಬರಕೊಂಡಳಂತೆ.

ಇದು ಯಾವ ಬೇತಾಳ ಕಥೆಗೆ ಕಡಿಮೆ, ಹೇಳಿ?

ಚಂದಮಾಮದ ಮಾತಿಗೆ ಬರೋಣ. 1998ರಲ್ಲಿ ಒಮ್ಮೆ ನಿಂತಿತು, 1999ರ ಡಿಸೆಂಬರಿನಲ್ಲಿ ಮತ್ತೆ ಎದ್ದಿತು. 2004ರಲ್ಲಿ ನಾಗಿರೆಡ್ಡಿಯವರು ತೀರಿಕೊಂಡರು. 2007ರಲ್ಲಿ ಪತ್ರಿಕೆ ಮುಂಬಯಿಯ ಸಾಫ್ಟ್‌ವೇರ್ ಕಂಪನಿಯೊಂದರ ಕೈಗೆ ಹೋಯಿತು. 2013ರ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಅಂಗಡಿ ಹಗ್ಗದಿಂದ ಮಾಯವಾಯಿತು. ಬೀಳ್ಕೊಡುಗೆ ಇಲ್ಲ, "ಶುಭಂ" ಅನ್ನೋ ಬೋರ್ಡಿಲ್ಲ. ಎಷ್ಟೋ ಮಂದಿ ಓದುಗರಿಗೆ ಇದೊಂದು ನೋವು: "ಛೇ, ಬೇತಾಳನ ಕಥೆಗೆ ಕೊನೆಯನ್ನೂ ಹಾಕಲಿಲ್ಲವಲ್ಲ! ಆ ಸನ್ಯಾಸಿಯ ತಲೆ ಹೋಗೋದನ್ನು ನಾವು ನೋಡಲೇ ಇಲ್ಲವಲ್ಲ!"

ನನಗೆ ಹಾಗನ್ನಿಸೋಲ್ಲ. ಕೊನೆ ಹಾಕಬೇಕು ಅಂದರೆ ಏನು ಮಾಡಬೇಕಿತ್ತು? ಸೋಮದೇವನ ಹಾಗೆ ರಾಜನಿಗೆ ಉತ್ತರ ತೋಚದ ಒಂದು ಪ್ರಶ್ನೆ ತರಬೇಕಿತ್ತು. ರಾಜ ಬಾಯಿ ಮುಚ್ಚಿದ ದಿನ ಕಥೆ ಮುಗಿಯುತ್ತೆ. ಚಂದಮಾಮದ ತ್ರಿವಿಕ್ರಮ ಒಂದು ತಿಂಗಳೂ ಬಾಯಿ ಮುಚ್ಚಲಿಲ್ಲ. ಅಂಗಡಿ ಮುಚ್ಚಿತು, ಅವನ ಬಾಯಿ ಮುಚ್ಚಲಿಲ್ಲ. ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸ್ ಯಾವ ಸ್ಕ್ರಿಪ್ಟ್ ರೈಟರ್ ಬರೆದಾನು?

ಕಾಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ ಅಂತ ಹಿರಿಯೂರಿನವರನ್ನು ಕೇಳಿ. ಅಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಒಂದು ಸಲ ತುಂಬಿ ಕೋಡಿ ಬಿತ್ತು. ಆಮೇಲೆ? ಎಂಬತ್ತೊಂಬತ್ತು ವರ್ಷ ಕೋಡಿ ಬೀಳಲಿಲ್ಲ. ಪ್ರತಿ ಮಳೆಗಾಲಕ್ಕೂ ನೀರು ಬಂತು, ಗದ್ದೆ ತೋಟಕ್ಕೆ ಹೋಯಿತು, ಮತ್ತೆ ತಳ ಕಂಡಿತು. ಕೋಡಿ ನೋಡಬೇಕು ಅಂತ ಆಸೆಪಟ್ಟ ಅಜ್ಜಂದಿರು ನೋಡದೇ ಹೋದರು. 2022ರ ಸೆಪ್ಟೆಂಬರಿನಲ್ಲಿ ಬಿತ್ತು! 2025ರ ಜನವರಿಯಲ್ಲಿ ಮತ್ತೆ ಬಿತ್ತು. ನಮ್ಮ ಮಾವ ಟೈಲರಿಂಗ್ ಅಂಗಡಿಗೆ ಬಾಗಿಲು ಹಾಕಿ ನೋಡಕ್ಕೆ ಹೋಗಿ, ನೀರಿಗೆ ಕೈ ಮುಗಿದು ಬಂದರು. ಕೋಡಿ ಬೀಳದ ಎಂಬತ್ತೊಂಬತ್ತು ವರ್ಷವೂ ಆ ಕೆರೆ ನೀರು ಕೊಟ್ಟಿದೆ ಅನ್ನೋದನ್ನು ಮರೀಬೇಡಿ ಅಂದರು. ತ್ರಿವಿಕ್ರಮನೂ ಅಷ್ಟೇ. ಅವನು ಗೆಲ್ಲದ ಆರುನೂರು ರಾತ್ರಿಯಲ್ಲೂ ನಮಗೆ ಆರುನೂರು ಕಥೆ ಸಿಕ್ಕಿದೆ.

ನಿಮ್ಮ ಮನೆ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ, ಸೆಲೂನಿನ ಬೆಂಚಿನ ಕೆಳಗೆ ಹಳೇ ಚಂದಮಾಮ ಇದ್ದರೆ ತೂಕಕ್ಕೆ ಹಾಕಬೇಡಿ. ರದ್ದಿಯವನು ಕಿಲೋಗೆ ಕೊಡುವ ಕಾಸಿಗೆ ಒಂದು ಟೀ ಬರಬಹುದು. ತೆಗೆದು ಧೂಳು ಒರೆಸಿ ತಮ್ಮನಿಗೋ, ತಂಗಿಗೋ, ಪಕ್ಕದ ಮನೆ ಹುಡುಗನಿಗೋ ಕೊಡಿ. ಮೊಬೈಲಿನಲ್ಲೂ ವಿಕ್ರಮ ಬೇತಾಳ ಸಿಗ್ತಾರೆ, ಇಲ್ಲ ಅನ್ನೋಲ್ಲ. ಅಲ್ಲಿ ಪ್ರಶ್ನೆ ಮುಗಿಯೋಕೆ ಮುಂಚೆ ಉತ್ತರ ಬಂದುಬಿಡುತ್ತೆ. ಪುಸ್ತಕದಲ್ಲಿ ಹಾಳೆ ತಿರುವೋಕೆ ಮುಂಚೆ ಒಂದು ಗಳಿಗೆ ನೀವೇ ರಾಜ. ಹೆಗಲ ಭಾರ ನಿಮ್ಮದು, ತಲೆ ನಿಮ್ಮದು, ಉತ್ತರವೂ ನಿಮ್ಮದೇ ಆಗಬೇಕು.

ಈಗ ನನ್ನ ಸರದಿ. ನಾನೇ ಬೇತಾಳ, ನೀವೇ ತ್ರಿವಿಕ್ರಮ ಅಂದುಕೊಳ್ಳಿ. ಲೆಕ್ಕ 1: ನನ್ನ ಗೆಳೆಯ ನಿಜ ಹೇಳಿ ಕೆಲಸ ಕಳಕೊಂಡ. ಲೆಕ್ಕ 2: ಮುದುಕ ಎಲ್ಲ ತಿಳಿದೂ ಅದೇ ಮಂಡಿಗೆ ಮರಳಿ ಹೋದ. ಲೆಕ್ಕ 3: ಆ ಪುಟ್ಟ ಹುಡುಗಿ ಮಾಲೀಕನ ಕಣ್ಣೆದುರೇ ನಿಂತು ತೂಕ ಬರಕೊಂಡಳು. ಈ ಮೂವರಲ್ಲಿ ದೊಡ್ಡ ಧೈರ್ಯ ಯಾರದು? ಗೆಳೆಯ ಹೇಳಿದ ಮಾತು ದಂಡವಾಯಿತೋ, ಇಲ್ಲವೋ?

ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕಿ. ಒಳ್ಳೆಯ ಉತ್ತರಗಳನ್ನು ಮುಂದಿನ ವಾರಗಳಲ್ಲಿ ಇದೇ ಪುಟದಲ್ಲಿ ಹಾಕೋಣ. ಗೊತ್ತಿಲ್ಲದವರು ಸುಮ್ಮನಿರಬಹುದು, ಶಿಕ್ಷೆ ಇಲ್ಲ. ಗೊತ್ತಿದ್ದೂ ಬರೆಯದೆ ಬಸ್ಸು ಹತ್ತಿದಿರೋ... ಟೋಪಿ ಇದ್ದರೆ ಹಾಕಿಕೊಳ್ಳಿ, ತಲೆ ಜೋಪಾನ!